ಪಿಚ್‌ಗೆ ರೋಲರ್ ಎಳೆದ ಪಲ್ವಂಕರ್ ಬಾಲೂ

ಏಪ್ರಿಲ್ ಬಂತಂದ್ರೆ ನಮ್ಮ ಹಾಸ್ಟೆಲ್ ಕಾರಿಡಾರಿನಲ್ಲಿ ಎರಡೇ ಸುದ್ದಿ. ಬೆಳಿಗ್ಗೆ ಎನ್‌ಬಿಎ ಪ್ಲೇಆಫ್, ಸಂಜೆ ಐಪಿಎಲ್. ಯಾರಿಗೆ ಎಷ್ಟು ಕೋಟಿ, ಯಾರು ಕ್ಯಾಪ್ಟನ್ ಆಗಬೇಕಿತ್ತು, ಯಾರನ್ನ ಸುಮ್ನೆ ಹೊರಗೆ ಕೂರಿಸಿದ್ರು ಅಂತ ಇಂಟರ್ನಲ್ಸ್ ಹಿಂದಿನ ರಾತ್ರೀನೂ ವಾದ ನಡೀತಾನೇ ಇರ್ತದೆ. ಈ ಕ್ಯಾಪ್ಟನ್ ವಾದ ಇವತ್ತಿನದಲ್ಲ. ಧಾರವಾಡದಲ್ಲಿ ಹುಟ್ಟಿದ ಒಬ್ಬ ಬೌಲರ್ ವಿಷಯದಲ್ಲಿ ಇದೇ ವಾದ 1910ರಿಂದ 1920ರವರೆಗೆ ಹೆಚ್ಚುಕಮ್ಮಿ ಪ್ರತಿ ವರ್ಷ ನಡೀತು. ಅಡ್ಡ ಬಂದದ್ದು ಅವರ ಫಾರ್ಮ್ ಅಲ್ಲ, ಫಿಟ್‌ನೆಸ್ ಅಲ್ಲ, ಜಾತಿ. ಅವರ ಹೆಸರು ಪಲ್ವಂಕರ್ ಬಾಲೂ. ಈ ಸಂಚಿಕೆಯಲ್ಲಿ ಅವರ ಕಥೆ ಹೇಳೋಣ ಅಂತ ನಾವು ಕೂತಿದ್ದೇವೆ.

ಬಾಲೂ ಹುಟ್ಟಿದ್ದು 1876ರಲ್ಲಿ. ಮನೆತನ ಕೊಂಕಣದ ರತ್ನಾಗಿರಿ ಕಡೆಯ ಪಲ್ವಣ ಎಂಬ ಹಳ್ಳಿಯದು, ಅಡ್ಡಹೆಸರು ಬಂದದ್ದು ಅಲ್ಲಿಂದ. ಚರ್ಮದ ಕೆಲಸ ಮಾಡುವ ಚಮಾರ ಸಮುದಾಯ. ತಂದೆ ಬ್ರಿಟಿಷ್ ಸೈನ್ಯದ ನೌಕರಿಯಲ್ಲಿದ್ದರು. ನಮ್ಮ ಬಳಗದಲ್ಲಿ ಹಟ್ಟಿ, ಲಿಂಗಸೂಗೂರು, ಮಸ್ಕಿ, ಸಿಂಧನೂರು ಕಡೆಯವರೇ ಜಾಸ್ತಿ. ನಮಗೆ ಇವತ್ತು ಧಾರವಾಡ ಅಂದ್ರೆ ಅರ್ಧ ದಿನದ ಬಸ್ಸಿನ ದಾರಿ. ಆದರೆ ಆಗ ನಮ್ಮ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಧಾರವಾಡ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿತ್ತು. ಆ ಕಡೆಯವರಿಗೆ ನೌಕರಿ ಹುಡುಕಿ ಹೋಗುವ ಊರು ಅಂದ್ರೆ ಪುಣೆ ಅಥವಾ ಮುಂಬೈ. ಬಾಲೂ ಮನೆಯವರು ಹೋಗಿ ನೆಲೆಸಿದ್ದು ಪುಣೆಯಲ್ಲಿ.

ಪುಣೆ ದಂಡಿನ ಊರು. ಸಾಹೇಬರು ಆಡಿ ಬಿಸಾಕಿದ ಬ್ಯಾಟು, ಬಾಲುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಓದು ಮುಂದುವರಿಯಲಿಲ್ಲ, ಮನೆಗೆ ದುಡ್ಡು ಬೇಕಿತ್ತು. ಮೊದಲ ಕೆಲಸ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ಪಗಾರ ತಿಂಗಳಿಗೆ 3 ರೂಪಾಯಿ. ಆಮೇಲೆ 1892ರ ಹೊತ್ತಿಗೆ ಯುರೋಪಿಯನ್ನರ ಪೂನಾ ಜಿಮ್ಖಾನಾಕ್ಕೆ ಸೇರಿದರು. ಅಲ್ಲಿ 4 ರೂಪಾಯಿ. ಪಿಚ್ ಸರಿಮಾಡೋದು, ಗೆರೆ ಹಾಕೋದು, ನೆಟ್ ಕಟ್ಟೋದು. ಕೆಲಸದ ನಡುವೆ ಯಾವಾಗಲಾದರೊಮ್ಮೆ ಸಾಹೇಬರಿಗೆ ನಾಲ್ಕು ಚೆಂಡು ಹಾಕೋದು.

ನಾಲ್ಕು ಚೆಂಡು ಹಾಕಿದ್ದೇ ಗೊತ್ತಾಯ್ತು, ಈ ಹುಡುಗನ ಎಡಗೈಯಲ್ಲಿ ಏನೋ ಇದೆ ಅಂತ.

ಬಾಲೂ ಎಡಗೈ ಸ್ಪಿನ್ನರ್. ಬಲಗೈ ಬ್ಯಾಟ್ಸ್‌ಮನ್‌ಗೆ ಎಡಗೈ ಸ್ಪಿನ್ನರ್ ಹಾಕೋ ಸಾಮಾನ್ಯ ಚೆಂಡು ಗಾಳಿಯಲ್ಲಿ ಸ್ವಲ್ಪ ಒಳಗೆ ಬರ್ತದೆ, ನೆಲಕ್ಕೆ ಬಿದ್ದ ಮೇಲೆ ಹೊರಗೆ ತಿರುಗ್ತದೆ. ಮ್ಯಾಗ್ನಸ್ ಎಫೆಕ್ಟ್ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದವರಿಗೆ ಮೊದಲ ಅರ್ಧ ಅರ್ಥ ಆಗ್ತದೆ. ಎರಡನೇ ಅರ್ಧಕ್ಕೆ ಪಿಚ್ ಗೊತ್ತಿರಬೇಕು. ಆಗ ಪಿಚ್ ಮೇಲೆ ಹೊದಿಕೆ ಹಾಕುವ ರೂಢಿ ಇರಲಿಲ್ಲ. ಮಳೆ ಬಿದ್ದ ಮಣ್ಣು ಎಷ್ಟು ಹೊತ್ತಿಗೆ ಒಣಗ್ತದೆ, ಎಲ್ಲಿ ಬಿರುಕು ಬಿಡ್ತದೆ, ಯಾವ ತುದಿಯಿಂದ ಚೆಂಡು ಹಿಡಿದು ತಿರುಗ್ತದೆ ಅನ್ನೋದು ದಿನಾ ರೋಲರ್ ಎಳೆಯೋನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರ್ತದೆ? ಸಾಹೇಬರ ಕ್ಲಬ್ಬು ತಿಂಗಳಿಗೆ 4 ರೂಪಾಯಿ ಕೊಟ್ಟು ಬಾಲೂಗೆ ಮಣ್ಣಿನ ಪಾಠವನ್ನೂ ಕಲಿಸಿತು ಅಂತ ನಾವು ಹೇಳ್ತೇವೆ. ಕಲಿಸ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಆ ಕ್ಲಬ್ಬಿನಲ್ಲಿ ಜೆ.ಜಿ. ಗ್ರೇಗ್ ಅಂತ ಒಬ್ಬ ಕ್ಯಾಪ್ಟನ್ ಇದ್ದ. ಸೈನ್ಯದ ಕ್ಯಾಪ್ಟನ್. ಆಗ ಇಂಡಿಯಾದಲ್ಲಿದ್ದ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗಳಲ್ಲಿ ಅತಿ ಹೆಸರುವಾಸಿ. (ಇದೇ ಮನುಷ್ಯ ಕೊನೆಗಾಲದಲ್ಲಿ ಕ್ಯಾಥೊಲಿಕ್ ಪಾದ್ರಿಯಾದ, ಅದು ಬೇರೆ ಕಥೆ.) ಗ್ರೇಗ್ ಎಲ್ಲರಿಗಿಂತ ಒಂದು ತಾಸು ಮೊದಲೇ ಬಂದು ಬಾಲೂ ಬೌಲಿಂಗ್‌ಗೆ ಪ್ರಾಕ್ಟೀಸ್ ಮಾಡ್ತಿದ್ದ. ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡ್ತಿದ್ದನಂತೆ. ಲೆಕ್ಕ ಹಾಕಿ ನೋಡ್ರಿ, ತಿಂಗಳಲ್ಲಿ ಎಂಟು ಸಲ ಔಟ್ ಮಾಡಿದರೆ ಪಗಾರದಷ್ಟೇ ಇನ್ನೊಂದು ಪಗಾರ! ಎಂಟಾಣೆಯ ಮಾತು ದಂತಕಥೆ ಇದ್ದರೂ ಇರಬಹುದು. ಆದರೆ ಆ ನೆಟ್ಟಿನಲ್ಲಿ ಬಾಲೂ ವರ್ಷಗಟ್ಟಲೆ ಬೌಲಿಂಗ್ ಮಾಡಿದ್ದು ನಿಜ. ಹಟ್ಟಿಯಲ್ಲಿ ಬೆಳೆದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಒಂದು ಟನ್ ಕಲ್ಲು ಒಡೆದು, ಅರೆದು, ತೊಳೆದರೆ ಕೈಗೆ ಸಿಗೋದು ಕೆಲವೇ ಗ್ರಾಂ ಚಿನ್ನ. ಬಾಲೂ ಅರೆದ ಟನ್ನುಗಳು ಎಷ್ಟೋ.

ಒಂದು ಸಂಗತಿ ಮಾತ್ರ ಗಮನಿಸಬೇಕು. ಅಷ್ಟು ವರ್ಷ ಬೌಲಿಂಗ್ ಮಾಡಿಸಿಕೊಂಡ ಆ ಕ್ಲಬ್ಬಿನಲ್ಲಿ ಬಾಲೂ ಕೈಗೆ ಒಂದು ದಿನವೂ ಬ್ಯಾಟ್ ಕೊಡಲಿಲ್ಲ. ಇಂಗ್ಲೆಂಡಿನಲ್ಲೂ ಹಾಗೇ ಇತ್ತು. ಬ್ಯಾಟಿಂಗ್ ದೊಡ್ಡವರ ಸುಖ, ಬೌಲಿಂಗ್ ಕೂಲಿಯವರ ಕೆಲಸ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಸಾಹೇಬರ ಕ್ಲಬ್ಬನ್ನು ಸೋಲಿಸಬೇಕು ಅನ್ನೋ ಛಲ. ಸೋಲಿಸಬಲ್ಲ ಬೌಲರ್ ಆ ಕ್ಲಬ್ಬಿನ ರೋಲರ್ ಪಕ್ಕದಲ್ಲೇ ನಿಂತಿದ್ದಾನೆ ಅಂತಲೂ ಗೊತ್ತು. ಆದರೆ ಆತ ಅಸ್ಪೃಶ್ಯ. ಕ್ಲಬ್ಬಿನ ಬ್ರಾಹ್ಮಣ ಸದಸ್ಯರಲ್ಲಿ ಹಲವರು ಬೇಡ ಅಂದರು, ಕೆಲವು ತೆಲುಗು ಸದಸ್ಯರು ಬೇಕು ಅಂದರು. ಬಾಲೂ ನಮ್ಮ ಎದುರು ಆಡದಿದ್ದರೆ ನಷ್ಟ ನಿಮಗೇ ಅನ್ನೋ ಅರ್ಥದ ಮಾತನ್ನ ಗ್ರೇಗ್ ಕೂಡ ಆಡಿದ್ದನಂತೆ. ಕೊನೆಗೆ ಗೆಲ್ಲುವ ಆಸೆ ಮಡಿಯನ್ನ ಮೀರಿತು. ಬಾಲೂ ತಂಡಕ್ಕೆ ಬಂದರು.

ಬಂದರು ಅಂದರೆ ಎಲ್ಲಿವರೆಗೆ? ಬೌಂಡರಿ ಗೆರೆಯ ಒಳಗೆ ಮಾತ್ರ. ಅವರು ಮುಟ್ಟಿದ ಚೆಂಡನ್ನು ಉಳಿದ ಹತ್ತು ಮಂದಿ ಮುಟ್ಟುತ್ತಿದ್ದರು, ಅದಕ್ಕೆ ಮೈಲಿಗೆ ಇರಲಿಲ್ಲ. ಚಹಾ ವಿರಾಮ ಬಂತಂದ್ರೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಬಾಲೂಗೆ ಹೊರಗೆ, ಕುಡಿದು ಒಡೆದು ಹಾಕುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೀಬೇಕಂದ್ರೆ ನೀರು ತಂದು ಹಾಕಲು ಇನ್ನೊಬ್ಬ ಅಸ್ಪೃಶ್ಯ ಆಳೇ ಬರಬೇಕು. ಬೆಳಿಗ್ಗೆಯಿಂದ ಐದಾರು ವಿಕೆಟ್ ತೆಗೆದು ತಂಡವನ್ನ ಗೆಲ್ಲಿಸ್ತಾ ಇರೋ ಮನುಷ್ಯ ಬಿಸಿಲಲ್ಲಿ ಕೂತು ಕುಡಿಕೆಯಲ್ಲಿ ಚಹಾ ಕುಡೀತಿದ್ದಾನೆ. ಇದನ್ನ ಓದಿದಾಗ ನಾವು ಸ್ವಲ್ಪ ಹೊತ್ತು ಸುಮ್ಮನಾದೆವು. ನಮ್ಮ ಊರುಗಳ ಹೋಟೆಲ್‌ಗಳಲ್ಲಿ ಬೇರೆ ಲೋಟ ಇಟ್ಟಿದ್ದ ಕಾಲವನ್ನ ಕಂಡವರು ನಮ್ಮ ಮನೆಗಳಲ್ಲೇ ಇದ್ದಾರೆ.

ಬಾಲೂ ಬಂದ ಮೇಲೆ ಪುಣೆಯ ಹಿಂದೂಗಳು ಗೆಲ್ಲತೊಡಗಿದರು. ಸಾಹೇಬರ ತಂಡಗಳು ಸೋತವು. ಊರಲ್ಲಿ ಸನ್ಮಾನ ಸಭೆಗಳಾದವು. ಮಹಾದೇವ ಗೋವಿಂದ ರಾನಡೆ ಅಂಥ ದೊಡ್ಡವರು ಬಾಲೂಗೆ ಹಾರ ಹಾಕಿದರು. ಜೊತೆಗೆ ಆಡಲು ಒಪ್ಪುವವರು ಜೊತೆಗೆ ಕೂತು ಉಣ್ಣಲು ಯಾಕೆ ಒಪ್ಪಬಾರದು ಅಂತ ರಾನಡೆ ತಂಡದವರನ್ನ ನೇರವಾಗಿ ಕೇಳಿದರು. ಬಾಲಗಂಗಾಧರ ತಿಲಕರೂ ಬಾಲೂ ಅವರನ್ನ ಹೊಗಳಿ ಮಾತಾಡಿದರು. ಕುಡಿಕೆ ಮಾತ್ರ ತಕ್ಷಣಕ್ಕೆ ಬದಲಾಗಲಿಲ್ಲ.

1896ರಲ್ಲಿ ಪ್ಲೇಗ್ ಶುರುವಾಯ್ತು. ಆ ಗಲಾಟೆಯ ವರ್ಷಗಳಲ್ಲಿ ಬಾಲೂ ಪುಣೆ ಬಿಟ್ಟು ಮುಂಬೈಗೆ ಬಂದರು. ಅಲ್ಲಿಯ ಹಿಂದೂ ಜಿಮ್ಖಾನಾದಲ್ಲೂ ಅದೇ ತಕರಾರು. ಕ್ಯಾಪ್ಟನ್ ಕೀರ್ತಿಕರ್ ಪಟ್ಟು ಹಿಡಿದು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ಮುಂಬೈ, ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ನೌಕರಿ ಸಿಕ್ಕಿತು, ಅಲ್ಲಿಯ ತಂಡಕ್ಕೂ ಆಡಿದರು. ತಮ್ಮ ಶಿವರಾಮ್ ಕೂಡ ಒಳ್ಳೆ ಬ್ಯಾಟ್ಸ್‌ಮನ್ ಆಗಿ ಬೆಳೆದರು. ಮುಂಬೈ ಪುಣೆಗಿಂತ ಸ್ವಲ್ಪ ಸಡಿಲ. ಇಲ್ಲಿ ಈ ಅಣ್ಣತಮ್ಮಂದಿರು ಜಿಮ್ಖಾನಾದ ಒಳಗೆ ಬಂದು ಉಳಿದವರ ಜೊತೆ ಕೂತು ಉಣ್ಣುವಂತಾಯ್ತು.

1906ರ ಫೆಬ್ರವರಿಯಲ್ಲಿ ಮುಂಬೈಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಮ್ಯಾಚ್. ಹಿಂದೂಗಳು 109 ರನ್‌ನಿಂದ ಗೆದ್ದರು. ಬಾಲೂ ಬೌಲಿಂಗ್ ಈ ಗೆಲುವಿನ ಬೆನ್ನೆಲುಬು. ಬಂಗಾಳದ ವಿಭಜನೆಯಾಗಿ, ಸ್ವದೇಶಿ ಚಳವಳಿ ಕಾವೇರಿದ್ದ ಹೊತ್ತದು. ಆಳುವವರನ್ನ ಅವರದೇ ಆಟದಲ್ಲಿ ಸೋಲಿಸಿದ್ದು ಪೇಪರ್‌ಗಳಲ್ಲಿ ದೊಡ್ಡ ಸುದ್ದಿ. ಆದರೆ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಎಂಬ ಪತ್ರಿಕೆ ಬೇರೆಯೇ ಕಡೆಯಿಂದ ನೋಡಿತು. ಪುಣೆಯಲ್ಲಿ ಬೇರೆ ಕೂರಿಸಿದವರನ್ನ ಮುಂಬೈಯಲ್ಲಿ ಜೊತೆಗೆ ಕೂರಿಸಿಕೊಂಡಿದ್ದೇ ನಿಜವಾದ ಗೆಲುವು ಅನ್ನೋದು ಅದರ ವಾದದ ತಿರುಳು. ನಮಗೆ ಈ ಪತ್ರಿಕೆಯ ಲೆಕ್ಕವೇ ಸರಿ ಅನ್ನಿಸ್ತದೆ.

ಆಗಿನ ಟೂರ್ನಮೆಂಟ್ ಹೇಗಿತ್ತು ಅಂತ ಒಂದು ಮಾತು ಹೇಳಬೇಕು, ಇಲ್ಲದಿದ್ರೆ ಮುಂದಿನದು ಗೊತ್ತಾಗಲ್ಲ. ರಣಜಿ ಟ್ರೋಫಿ ಇನ್ನೂ ಹುಟ್ಟಿರಲಿಲ್ಲ. ತಂಡಗಳು ಊರಿನ ಹೆಸರಲ್ಲಿ ಇರಲಿಲ್ಲ, ಧರ್ಮದ ಹೆಸರಲ್ಲಿದ್ದವು. ಯುರೋಪಿಯನ್ನರು, ಪಾರ್ಸಿಗಳು, 1907ರಿಂದ ಹಿಂದೂಗಳು. 1912ರಲ್ಲಿ ಮುಸ್ಲಿಮರ ತಂಡ ಸೇರಿ ಕ್ವಾಡ್ರಾಂಗ್ಯುಲರ್ ಆಯ್ತು. ಲೀಗ್ ಗೀಗ್ ಏನಿಲ್ಲ. ಎರಡು ಸೆಮಿಫೈನಲ್, ಒಂದು ಫೈನಲ್. ಅಂದ್ರೆ ಇಡೀ ಸೀಸನ್ನೇ ಪ್ಲೇಆಫ್. ಇದರಲ್ಲಿ ಒಂದು ವಿಚಿತ್ರ ನೋಡ್ರಿ. ಬಾಲೂ ಹಿಂದೂ ತಂಡಕ್ಕೆ ಆಡಬೇಕಿತ್ತು. ಆದರೆ ಹಿಂದೂಗಳಲ್ಲೇ ಎಷ್ಟೋ ಜನ ಅವರನ್ನ ದೇವಸ್ಥಾನದ ಬಾಗಿಲೊಳಗೆ ಬಿಡೋರಲ್ಲ.

ಇನ್ನು 1911ರ ಸೀಸನ್‌ಗೆ ಬರೋಣ. ಬಾಲೂ ಹೆಸರು ಕ್ರಿಕೆಟ್ ಪುಸ್ತಕಗಳಲ್ಲಿ ಉಳಿದದ್ದು ಮುಖ್ಯವಾಗಿ ಇದರಿಂದ. ಆ ವರ್ಷ ಮೊದಲ ಸಲ ಎಲ್ಲ ಧರ್ಮದವರೂ ಇದ್ದ ಆಲ್ ಇಂಡಿಯಾ ತಂಡ ಇಂಗ್ಲೆಂಡಿಗೆ ಹೊರಟಿತು. ಕ್ಯಾಪ್ಟನ್ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್, ವಯಸ್ಸು 19. ಬಾಲೂಗೆ ಆಗ 35. ಸ್ಪಿನ್ನರ್ ಆದರೂ ಭುಜ ಸವೆದು ನೋಯುವ ವಯಸ್ಸು. ಶಿವರಾಮ್ ಕೂಡ ತಂಡದಲ್ಲಿದ್ದರು. ಅದು ಐದನೇ ಜಾರ್ಜ್ ಪಟ್ಟಾಭಿಷೇಕದ ಬೇಸಿಗೆ. ಮಹಾರಾಜರಿಗೆ ಲಂಡನ್ನಿನ ಔತಣಕೂಟಗಳೇ ಹೆಚ್ಚಾದವು, ಕೆಲವೇ ಪಂದ್ಯ ಆಡಿ ಅವರು ತಂಡದ ಕಡೆ ತಲೆ ಹಾಕೋದನ್ನ ಬಿಟ್ಟರು.

ತಂಡ ಸೋತಿತು. ಮತ್ತೆ ಸೋತಿತು. ತಣ್ಣನೆ ಹವಾ, ಹೊಸ ಪಿಚ್‌ಗಳು, ನಾಯಕ ಇಲ್ಲ. ಸೀಸನ್ನಿನ ಮೊದಲ ಭಾಗ ಪೂರಾ ಸೋಲೇ. ಆ ಸೋಲುಗಳಲ್ಲೂ ಒಂದು ತುದಿಯಿಂದ ಬಾಲೂ ವಿಕೆಟ್ ತೆಗೀತಾನೇ ಇದ್ದರು. ಕೇಂಬ್ರಿಜ್ ಯೂನಿವರ್ಸಿಟಿ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 103 ರನ್‌ಗೆ 8 ವಿಕೆಟ್. ಭುಜ ನೋಯ್ತಿದ್ದರೂ ಕೈ ಬಿಡಲಿಲ್ಲ. ಕೊನೆಗೆ ಲೆಸ್ಟರ್‌ನಲ್ಲಿ ಲೆಸ್ಟರ್‌ಶೈರ್ ಕೌಂಟಿ ತಂಡವನ್ನ ಸೋಲಿಸಿದರು. ಪಂದ್ಯದಲ್ಲಿ ಬಾಲೂಗೆ 11 ವಿಕೆಟ್. ಅದಾದ ಮೇಲೆ ಟಾಂಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿದಿರುವಾಗ ಗೆದ್ದರು, ಅಲ್ಲಿ ಔಟಾಗದೆ ಶತಕ ಹೊಡೆದು ದಡ ಮುಟ್ಟಿಸಿದ್ದು ತಮ್ಮ ಶಿವರಾಮ್. ರಾಜಮಹಾರಾಜರ ಹೆಸರಲ್ಲಿ ಹೊರಟ ತಂಡದ ಎರಡು ಕೌಂಟಿ ಗೆಲುವಿನ ಹಿಂದೆ ಚಮಾರರ ಮನೆಯ ಅಣ್ಣತಮ್ಮಂದಿರು!

ಲೆಕ್ಕ ಹೀಗಿದೆ. 23 ಪಂದ್ಯ, 6 ಗೆಲುವು, 15 ಸೋಲು, 2 ಡ್ರಾ. ಪಾಯಿಂಟ್ಸ್ ಟೇಬಲ್ ನೋಡಿದರೆ ಹೇಳಿಕೊಳ್ಳುವಂಥ ಸೀಸನ್ ಅಲ್ಲ. ಆದರೆ ಬಾಲೂ ಒಬ್ಬರದೇ 114 ವಿಕೆಟ್, ಸರಾಸರಿ 18.84. ಸೋಲುವ ತಂಡದ ಬೌಲರ್‌ಗೆ ಎದುರಾಳಿ ಒಂದೇ ಸಲ ಬ್ಯಾಟ್ ಮಾಡುವ ಪಂದ್ಯಗಳು ಎಷ್ಟೋ ಇರ್ತವೆ, ಬೆನ್ನಿಗೆ ದೊಡ್ಡ ಸ್ಕೋರೂ ಇರಲ್ಲ. ಅಂಥದ್ದರಲ್ಲಿ 114. ಗೆದ್ದ ತಂಡದ ಸ್ಟಾರ್‌ಗಿಂತ ಸೋತ ತಂಡದ ಬೌಲರ್‌ನ ಅಂಕಿಗೆ ನಾವು ಹೆಚ್ಚು ಬೆಲೆ ಕೊಡ್ತೇವೆ. ಇದರಲ್ಲಿ ನಮ್ಮ ಪಕ್ಷಪಾತ ಇದೆ, ಇರಲಿ ಬಿಡ್ರಿ.

ಮುಂಬೈಗೆ ವಾಪಸ್ ಬಂದಾಗ ಶೋಷಿತ ಜಾತಿಗಳ ಜನ ಬಾಲೂಗೆ ಸನ್ಮಾನ ಮಾಡಿದರು. ಆ ಸಭೆಯ ಮಾನಪತ್ರ ಬರೆದದ್ದು ಎಲ್ಫಿನ್‌ಸ್ಟನ್ ಕಾಲೇಜಿನ ಒಬ್ಬ ವಿದ್ಯಾರ್ಥಿ ಅಂತ ಇತಿಹಾಸಕಾರರು ಹೇಳ್ತಾರೆ. ವಯಸ್ಸು 20, ನಮ್ಮಲ್ಲಿ ಐದನೇ ಸೆಮಿಸ್ಟರ್‌ನಲ್ಲಿರೋರ ವಯಸ್ಸು. ಹೆಸರು ಭೀಮರಾವ್ ಅಂಬೇಡ್ಕರ್. ಆ ಹೊತ್ತಿಗೆ ದೇಶದಲ್ಲಿ ಅತಿ ಪ್ರಸಿದ್ಧ ಅಸ್ಪೃಶ್ಯ ವ್ಯಕ್ತಿ ಅಂದ್ರೆ ಬಾಲೂ. ಆ ಜನರ ಮಕ್ಕಳಿಗೆ ನಮ್ಮವನೊಬ್ಬ ಅಂತ ಎದೆಯುಬ್ಬಿಸಿ ಹೇಳಿಕೊಳ್ಳಲು ಇದ್ದವರು ಅವರೇ.

ಇಂಥವರು ಹಿಂದೂ ತಂಡದ ಕ್ಯಾಪ್ಟನ್ ಆಗಬೇಕಿತ್ತು ಅಲ್ವಾ? ಅನುಭವ ಇತ್ತು, ವಿಕೆಟ್ ಇತ್ತು, ಎದುರಾಳಿಗಳ ಮರ್ಯಾದೆ ಇತ್ತು. ಪ್ರತಿ ವರ್ಷ ಸೀಸನ್ ಹತ್ತಿರ ಬಂದಂಗೆ ಅವರ ಹೆಸರು ಕೇಳಿಬರೋದು, ಪ್ರತಿ ವರ್ಷ ಮೇಲ್ಜಾತಿಯ ಇನ್ನೊಬ್ಬರು ಕ್ಯಾಪ್ಟನ್ ಆಗೋದು. ಎಂ.ಡಿ. ಪೈ ಕ್ಯಾಪ್ಟನ್ ಆದಾಗ, ಈ ಮರ್ಯಾದೆ ಸಲ್ಲಬೇಕಾದದ್ದು ಬಾಲೂಗೆ ಅಂತ ಸನ್ಮಾನ ಸಭೆಯಲ್ಲೇ ಒಪ್ಪಿಕೊಂಡರು. ಒಪ್ಪಿಕೊಂಡರು, ಕ್ಯಾಪ್ಟನ್ ಆಗಿಯೇ ಉಳಿದರು. ಅಷ್ಟರಲ್ಲಿ ಇನ್ನಿಬ್ಬರು ತಮ್ಮಂದಿರಾದ ಗಣಪತ್ ಮತ್ತು ವಿಠ್ಠಲ್ ಕೂಡ ತಂಡಕ್ಕೆ ಬಂದಿದ್ದರು. ನಾಲ್ವರು ಅಣ್ಣತಮ್ಮಂದಿರು ಹಿಂದೂ ತಂಡಕ್ಕೆ ಆಡಿದರು. ವಿಠ್ಠಲ್ ಅಂತೂ ಆ ಕಾಲದ ಅತ್ಯುತ್ತಮ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬರು.

1920ರಲ್ಲಿ ಈ ಗಾಯ ಒಡೆಯಿತು. ಆ ಸೀಸನ್‌ಗೆ ಬಾಲೂ ಅವರನ್ನ ತಂಡದಿಂದ ಬಿಟ್ಟರು. ಪೈ ಅನಾರೋಗ್ಯದಿಂದ ಹೊರಗುಳಿದಾಗ ಶಿವರಾಮ್, ವಿಠ್ಠಲ್ ಇಬ್ಬರಿಗಿಂತ ಕಿರಿಯರಾದ ಡಿ.ಬಿ. ದೇವಧರ್ ಅವರನ್ನ ಕ್ಯಾಪ್ಟನ್ ಮಾಡಿದರು. ಶಿವರಾಮ್ ಮತ್ತು ವಿಠ್ಠಲ್ ಪತ್ರ ಬರೆದು, ಕಾರಣ ಜಾತಿಯೇ ಅಂತ ಬಹಿರಂಗವಾಗಿ ಹೇಳಿ, ತಂಡದಿಂದ ಹೊರಬಂದರು. ಇವತ್ತು ಆಟಗಾರರು ಟ್ವೀಟ್ ಮಾಡಲೂ ಹೆದರೋ ವಿಷಯ ಇದು. ಅವರು ಸೀಸನ್ ನಡುವೆ ಜಗತ್ತಿನ ಮುಂದೆ ಇಟ್ಟರು. ಗಾಂಧೀಜಿಯ ಮಾತಿನಿಂದ ಅಸ್ಪೃಶ್ಯತೆಯ ಪ್ರಶ್ನೆ ಊರೂರಲ್ಲಿ ಏಳ್ತಿದ್ದ ಕಾಲ, ಜನ ಅಣ್ಣತಮ್ಮಂದಿರ ಪರ ನಿಂತರು. ಪಾರ್ಸಿಗಳ ವಿರುದ್ಧದ ಫೈನಲ್‌ಗೆ ಪೈ ವಾಪಸ್ ಬಂದರು, ಬಾಲೂ ವೈಸ್ ಕ್ಯಾಪ್ಟನ್ ಆಗಿ ಬಂದರು, ತಮ್ಮಂದಿರೂ ಬಂದರು. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಒಳಗೆ ಹೋಗಿ ಕೂತರು. ಅಷ್ಟು ಹೊತ್ತು ಬಾಲೂ ತಂಡ ನಡೆಸಿದರು. ಇಪ್ಪತ್ತೈದು ವರ್ಷದ ಆಟಕ್ಕೆ ಸಿಕ್ಕ ಕ್ಯಾಪ್ಟನ್‌ಗಿರಿ ಅಷ್ಟೇ.

ಮೂರು ವರ್ಷದ ಮೇಲೆ, 1923ರಲ್ಲಿ, ವಿಠ್ಠಲ್ ಕ್ಯಾಪ್ಟನ್ ಆದರು. ಯುರೋಪಿಯನ್ನರ ಮೇಲೆ ಫೈನಲ್ ಗೆದ್ದಾಗ ಅವರನ್ನ ಹೆಗಲ ಮೇಲೆ ಹೊತ್ತು ಮೆರೆಸಿದರು. ಅವರ ನಾಯಕತ್ವದಲ್ಲಿ ನಾಲ್ಕು ವರ್ಷದಲ್ಲಿ ಮೂರು ಸಲ ಹಿಂದೂಗಳು ಕ್ವಾಡ್ರಾಂಗ್ಯುಲರ್ ಗೆದ್ದರು. ಅಣ್ಣ ರೋಲರ್ ಎಳೆದು ಹದ ಮಾಡಿದ ಪಿಚ್ ಮೇಲೆ ತಮ್ಮ ಟಾಸ್ ಹಾಕಿದ ಅಂತ ಹೇಳಿದರೆ ತಪ್ಪಾಗಲ್ಲ.

ಇದಾದ ಮೇಲಿನ ಕಥೆ ಬರೆಯುವಾಗ ನಮ್ಮ ಬಳಗದಲ್ಲೇ ವಾದ ಆಯ್ತು. 1932ರಲ್ಲಿ ಅಂಬೇಡ್ಕರ್ ಪ್ರತ್ಯೇಕ ಮತಕ್ಷೇತ್ರ ಕೇಳಿದರು. ಬಾಲೂ ಮತ್ತು ಮದ್ರಾಸಿನ ಎಂ.ಸಿ. ರಾಜಾ ಅದಕ್ಕೆ ವಿರುದ್ಧ ನಿಂತು ಗಾಂಧೀಜಿ ಕಡೆ ಸೇರಿದರು. ಪೂನಾ ಒಪ್ಪಂದಕ್ಕೆ ಸಹಿ ಮಾಡಿದವರಲ್ಲಿ ಬಾಲೂ ಕೂಡ ಒಬ್ಬರು. 1935ರಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯಲ್ಲ ಅಂತ ಘೋಷಿಸಿದಾಗಲೂ ಬಾಲೂ ಒಪ್ಪಲಿಲ್ಲ. 1937ರ ಮುಂಬೈ ಪ್ರಾಂತೀಯ ಚುನಾವಣೆಯಲ್ಲಿ ಅಂಬೇಡ್ಕರ್ ಎದುರು ಕಾಂಗ್ರೆಸ್ ಬಾಲೂ ಅವರನ್ನೇ ನಿಲ್ಲಿಸಿತು. ಅಂಬೇಡ್ಕರ್‌ಗೆ 13,245 ಮತ, ಬಾಲೂಗೆ 11,225. ಮಾನಪತ್ರ ಬರೆದ ಹುಡುಗ ಗೆದ್ದರು, ಮಾನಪತ್ರ ಪಡೆದವರು ಸೋತರು.

ನಮ್ಮಲ್ಲಿ ಕೆಲವರು ಬಾಲೂ ಅವರನ್ನ ಬಳಸಿಕೊಂಡರು ಅಂದರು. ಇರಬಹುದು. ರಾಜಕೀಯದಲ್ಲಿ ಸರಿ ಯಾರದು ಅಂತ ಕೇಳಿದರೆ ನಾವೆಲ್ಲ ಅಂಬೇಡ್ಕರ್ ಕಡೆಗೇ. ಆದರೆ ಬಾಲೂ ಹಾಗೆ ನಂಬಿದ್ದು ಯಾಕೆ ಅಂತ ಅವರ ಬದುಕಿನ ಒಳಗಿಂದ ನೋಡಿದರೆ ಕಾಣ್ತದೆ. ಅವರ ಪಾಲಿಗೆ ಬಾಗಿಲು ತೆರೆದಿತ್ತು, ಇಂಚು ಇಂಚಾಗಿ. ಮೊದಲು ಮೈದಾನ, ಆಮೇಲೆ ಊಟದ ಪಂಕ್ತಿ, ಆಮೇಲೆ ಒಂದಿಷ್ಟು ಹೊತ್ತಿನ ನಾಯಕತ್ವ, ಆಮೇಲೆ ತಮ್ಮನಿಗೆ ಪೂರ್ತಿ ನಾಯಕತ್ವ. ಹೀಗೇ ತೆರೀತಾ ಹೋಗ್ತದೆ ಅಂತ ಅವರಿಗೆ ಅನ್ನಿಸಿತು. ಒಂದು ಇಂಚು ತೆರೆಯೋಕೆ 114 ವಿಕೆಟ್ ಬೇಕಾದರೆ ವಿಕೆಟ್ ತೆಗೆಯೋಕೆ ಬಾರದ ಕೋಟಿ ಜನ ಏನು ಮಾಡಬೇಕು? ಅಂಬೇಡ್ಕರ್ ನಿಂತಿದ್ದು ಆ ಕೋಟಿ ಜನರ ಪರವಾಗಿ. ಇವರಿಬ್ಬರ ಜಗಳದಲ್ಲಿ ಒಬ್ಬರನ್ನ ಹೀರೋ, ಇನ್ನೊಬ್ಬರನ್ನ ವಿಲನ್ ಮಾಡೋದು ನಮಗೆ ಆಗಲಿಲ್ಲ.

ಇಂಡಿಯಾ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಲಾರ್ಡ್ಸ್‌ನಲ್ಲಿ. ಬಾಲೂಗೆ ಆಗ 56. ಹೀಗಾಗಿ ಅವರ ಹೆಸರಿನ ಮುಂದೆ ಒಂದೂ ಟೆಸ್ಟ್ ಇಲ್ಲ. 33 ಫಸ್ಟ್‌ಕ್ಲಾಸ್ ಪಂದ್ಯ, 179 ವಿಕೆಟ್, ಸರಾಸರಿ 15.21. ವಿಠ್ಠಲ್ 1948ರಲ್ಲಿ ಮರಾಠಿಯಲ್ಲಿ ಆತ್ಮಕಥೆ ಬರೆದರು. ಅಣ್ಣನ ಪುಣೆಯ ದಿನಗಳ ಎಷ್ಟೋ ಸಂಗತಿ ಹೊರಗಿನವರಿಗೆ ತಿಳಿದದ್ದು ಅದರಿಂದ. ಆಮೇಲೆ ರಾಮಚಂದ್ರ ಗುಹಾ ಇಂಗ್ಲಿಷಿನಲ್ಲಿ ವಿವರವಾಗಿ ಬರೆದ ಮೇಲೆ ನಮ್ಮಂಥವರ ಕೈಗೆ ಈ ಕಥೆ ಸಿಕ್ಕಿತು.

ಬಾಲೂ ಮುಂಬೈಯಲ್ಲಿ ತೀರಿಕೊಂಡಿದ್ದು 1955ರ ಜುಲೈ 4ರಂದು. ಅದಕ್ಕೆ ಒಂದು ತಿಂಗಳ ಮುಂಚೆ, ಜೂನ್ 1ರಿಂದ, ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಜಾರಿಗೆ ಬಂದಿತ್ತು. ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟ ಕಪ್ಪು ಲೋಟವನ್ನು ಜಾತಿಯ ಕಾರಣಕ್ಕೆ ಒಬ್ಬರಿಗೆ ಕೊಡದಿರುವುದು ಆ ದಿನದಿಂದ ಈ ದೇಶದಲ್ಲಿ ಅಪರಾಧ.